ಕಾಲು ಚಡಪಡಿಸಿ ನಿದ್ದೆ ಬಾರದಿದ್ದರೆ: ನಿದ್ದೆ ಮಾತ್ರೆಗೂ ಮೊದಲು ಫೆರಿಟಿನ್ ಎಂಬ ರಕ್ತಪರೀಕ್ಷೆ

ನಿಶಾಚರ

ನಿದ್ದೆ ಬರುತ್ತಿಲ್ಲ ಎಂಬ ದೂರುಗಳಲ್ಲಿ ಒಂದು ಬಗೆಯದ್ದನ್ನು ಬೇರೆ ತೆಗೆದಿಡಬೇಕು. ಕಣ್ಣು ಎಳೆಯುತ್ತಿರುತ್ತದೆ, ಮೈ ದಣಿದಿರುತ್ತದೆ. ದೀಪ ಆರಿಸಿ ಮಲಗಿದ ಸ್ವಲ್ಪ ಹೊತ್ತಿಗೆ ಕಾಲೊಳಗೆ ಏನೋ ಶುರುವಾಗುತ್ತದೆ. ಜೋಮಲ್ಲ, ಸೆಳೆತವಲ್ಲ. ಒಬ್ಬರು ‘ಮೂಳೆಯೊಳಗೆ ಹುಳ ಹರಿದ ಹಾಗೆ’ ಅಂತಾರೆ, ಇನ್ನೊಬ್ಬರು ‘ಮೀನಖಂಡವನ್ನು ಒಳಗಿನಿಂದ ಎಳೆದ ಹಾಗೆ’ ಅಂತಾರೆ. ಬಹಳಷ್ಟು ಜನ ‘ಹೇಳೋಕೇ ಬರಲ್ಲ’ ಎಂದು ಕೈಚೆಲ್ಲುತ್ತಾರೆ. ಕಾಲು ಆಡಿಸಿದರೆ ಹೋಗುತ್ತದೆ, ನಿಲ್ಲಿಸಿದರೆ ಮತ್ತೆ ಹಾಜರ್.

ಇದು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್, ಚಿಕ್ಕದಾಗಿ ಆರ್‌ಎಲ್‌ಎಸ್. 1672ರಲ್ಲೇ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಇದನ್ನು ವರ್ಣಿಸಿದ್ದ. ಈಗಿನ ಹೆಸರು 1940ರ ದಶಕದಲ್ಲಿ ಸ್ವೀಡನ್ನಿನ ನರವೈದ್ಯ ಕಾರ್ಲ್-ಆಕ್ಸೆಲ್ ಎಕ್ಬಾಮ್ ಕೊಟ್ಟದ್ದು. ಹಾಗಾಗಿ ವಿಲ್ಲಿಸ್-ಎಕ್ಬಾಮ್ ಕಾಯಿಲೆ ಎಂದೂ ಕರೆಯುತ್ತಾರೆ.

ಪತ್ತೆ ಮಾಡಲು ಸ್ಕ್ಯಾನ್ ಬೇಡ, ಕೇಳಬೇಕಾದ್ದನ್ನು ಕೇಳಿದರೆ ಸಾಕು. ಕಾಲು ಆಡಿಸಲೇಬೇಕು ಎಂಬ ತಡೆಯಲಾಗದ ಒತ್ತಡ ಇದೆಯಾ? ಸುಮ್ಮನೆ ಕೂತಾಗ, ಮಲಗಿದಾಗಲೇ ಶುರುವಾಗುತ್ತದಾ ಅಥವಾ ಹೆಚ್ಚುತ್ತದಾ? ನಡೆದರೆ, ಚಾಚಿದರೆ, ಆಡಿಸುತ್ತಿರುವಷ್ಟು ಹೊತ್ತಾದರೂ ತಗ್ಗುತ್ತದಾ? ಸಂಜೆ ಮತ್ತು ರಾತ್ರಿಯೇ ಜಾಸ್ತಿಯಾ? ನಾಲ್ಕಕ್ಕೂ ಹೌದು ಎಂದಾಗಬೇಕು, ಜೊತೆಗೆ ಬೇರೆ ಯಾವ ತೊಂದರೆಯಿಂದಲೂ ಇದನ್ನು ವಿವರಿಸಲು ಆಗಬಾರದು. ಆ ಐದನೆಯ ಮಾತನ್ನೇ ಜನ ಬಿಟ್ಟುಬಿಡುತ್ತಾರೆ. ಎಡವಟ್ಟಾಗುವುದೂ ಅಲ್ಲೇ.

ಮಗ್ಗುಲು

ಆ ಐದನೆಯದನ್ನು ಸ್ವಲ್ಪ ಬಿಡಿಸಿ ಹೇಳಿ ಸರ್. ರಾತ್ರಿ ಕಾಲು ಹಿಡಿದುಕೊಳ್ಳುವುದು, ಸಕ್ಕರೆ ಕಾಯಿಲೆಯವರ ಪಾದದ ಉರಿ, ಕೂತಲ್ಲೇ ಮಂಡಿ ಕುಣಿಸುವ ಅಭ್ಯಾಸ, ಎಲ್ಲವನ್ನೂ ಜನ ಇದೇ ಬುಟ್ಟಿಗೆ ಹಾಕುತ್ತಾರೆ.

ನಿಶಾಚರ

ಕಾಲು ಹಿಡಿದುಕೊಂಡಾಗ ಸ್ನಾಯು ಕಲ್ಲಾಗುತ್ತದೆ. ಕೈಯಿಟ್ಟರೆ ಗಂಟು ಸಿಗುತ್ತದೆ, ನೋವು ಒಮ್ಮೆಲೇ ಬರುತ್ತದೆ, ಸಾಮಾನ್ಯವಾಗಿ ಒಂದೇ ಕಾಲಿನಲ್ಲಿ. ಹೆಬ್ಬೆರಳನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿದರೆ ಬಿಡುತ್ತದೆ, ಬಿಟ್ಟ ಮೇಲೂ ಆ ಜಾಗ ಮಾರನೇ ದಿನದವರೆಗೆ ನೋಯಬಹುದು. ಆರ್‌ಎಲ್‌ಎಸ್‌ನಲ್ಲಿ ಸ್ನಾಯು ಮುಟ್ಟಿದರೆ ಮೆತ್ತಗೇ ಇರುತ್ತದೆ.

ನರಕ್ಕೆ ಹಾನಿಯಾಗಿ ಬರುವ ಉರಿ, ಸೂಜಿ ಚುಚ್ಚಿದ ಹಾಗಾಗುವುದು ಪಾದದಿಂದ ಮೇಲಕ್ಕೆ ಹಬ್ಬುತ್ತದೆ. ಹಗಲೂ ಇರುತ್ತದೆ, ನಡೆದ ಮಾತ್ರಕ್ಕೆ ಹೋಗುವುದಿಲ್ಲ. ಆದರೆ ಎರಡೂ ಒಟ್ಟಿಗೇ ಇರುವವರಿದ್ದಾರೆ, ಅದನ್ನು ಮರೆಯಬೇಡಿ. ಉಬ್ಬಿದ ರಕ್ತನಾಳದ ಭಾರ ದಿನವಿಡೀ ನಿಂತ ಮೇಲೆ ಬರುತ್ತದೆ, ಕಾಲು ಎತ್ತರಕ್ಕಿಟ್ಟರೆ ಇಳಿಯುತ್ತದೆ. ಆರ್‌ಎಲ್‌ಎಸ್‌ಗೆ ಕಾಲು ಎತ್ತಿಟ್ಟು ಸುಮ್ಮನಿರುವುದೇ ಶತ್ರು. ಒಂದೇ ಭಂಗಿಯಲ್ಲಿ ಕೂತು ಬರುವ ಇರಿಸುಮುರಿಸು ಒಮ್ಮೆ ಮಗ್ಗುಲು ಬದಲಿಸಿದರೆ ಮುಗಿಯುತ್ತದೆ, ಎರಡು ನಿಮಿಷಕ್ಕೆ ಮತ್ತೆ ಬರುವುದಿಲ್ಲ. ಮಂಡಿ ಕುಣಿಸುವವರಿಗೆ ಕುಣಿಸುತ್ತಿದ್ದೇವೆಂದೇ ಗೊತ್ತಿರುವುದಿಲ್ಲ. ನಿಲ್ಲಿಸಿ ಎಂದರೆ ನಿಲ್ಲಿಸುತ್ತಾರೆ, ಸಂಕಟವಿಲ್ಲ.

ಹೆಚ್ಚು ಎಚ್ಚರ ಬೇಕಾದ್ದು ಅಕಥೀಸಿಯಾದ ಬಗ್ಗೆ. ಮನೋರೋಗದ ಕೆಲವು ಔಷಧಿ, ವಾಂತಿ ತಡೆಯುವ ಮೆಟೊಕ್ಲೊಪ್ರಮೈಡ್ ಇಂಥವು ಶುರುವಾದ ಮೇಲೆ ಅಥವಾ ಡೋಸ್ ಏರಿಸಿದ ಮೇಲೆ ಇಡೀ ಮೈ ಕೂರಲು ಬಿಡದಂತಾಗುತ್ತದೆ. ಅದು ಹಗಲು ರಾತ್ರಿ ನೋಡುವುದಿಲ್ಲ, ಕಾಲಲ್ಲಿ ಹುಳ ಹರಿಯುವ ಅನುಭವವೂ ಇರಬೇಕೆಂದಿಲ್ಲ. ಅದು ಬೇರೆಯೇ ತೊಂದರೆ, ಔಷಧಿ ಬರೆದವರಿಗೆ ಕೂಡಲೇ ತಿಳಿಸಬೇಕಾದ್ದು.

ಹಗಲುಗನಸು

ನಿದ್ದೆಯಲ್ಲೇ ಕಾಲು ಝಾಡಿಸುವುದು? ಪಕ್ಕದಲ್ಲಿ ಮಲಗುವವರು ಒದೆ ತಿಂದು ದೂರು ಹೇಳುತ್ತಾರಲ್ಲ, ಅದೂ ಇದೇನಾ? ರಾತ್ರಿಯ ನಿದ್ದೆಯನ್ನು ಅಳೆಯುವ ಸ್ಲೀಪ್ ಸ್ಟಡಿ ಮಾಡಿಸಲೇಬೇಕಾ?

ನರವಿಚಾರ

ಒಂದೇ ಅಲ್ಲ, ನೆಂಟರು. ಎಚ್ಚರದಲ್ಲಿ ಬರುವ ಒತ್ತಡ ಆರ್‌ಎಲ್‌ಎಸ್. ನಿದ್ದೆಯಲ್ಲಿ ತಾನಾಗಿ ನಡೆಯುವ ಚಲನೆ ಪಿರಿಯಾಡಿಕ್ ಲಿಂಬ್ ಮೂವ್‌ಮೆಂಟ್, ಪಿಎಲ್‌ಎಂ. ಆರ್‌ಎಲ್‌ಎಸ್ ಇರುವವರಲ್ಲಿ 80ರಿಂದ 90 ಶೇಕಡಾ ಜನರಿಗೆ ಪಿಎಲ್‌ಎಂ ಇರುತ್ತದೆ. ತಿರುಗಿಸಿ ಹೇಳಿದರೆ ತಪ್ಪು: ಪಿಎಲ್‌ಎಂ ಇದ್ದವರಿಗೆಲ್ಲ ಆರ್‌ಎಲ್‌ಎಸ್ ಇರುವುದಿಲ್ಲ. ವಯಸ್ಸಾದವರಲ್ಲಿ, ಉಸಿರುಕಟ್ಟುವ ಸ್ಲೀಪ್ ಆಪ್ನಿಯಾದಲ್ಲಿ, ಕೆಲವು ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ಒಂಟಿಯಾಗಿಯೂ ಕಾಣುತ್ತದೆ.

ಹತ್ತಿರ ಕೂತು ನೋಡಿದರೆ ಅದರ ಚರ್ಯೆ ತಿಳಿಯುತ್ತದೆ. ಮೊದಲು ಕಾಲ್ಬೆರಳು, ಅದರಲ್ಲೂ ಹೆಬ್ಬೆರಳು, ಮೇಲಕ್ಕೆ ಸೆಟೆಯುತ್ತದೆ. ಹಿಂದೆಯೇ ಹಿಮ್ಮಡಿಗಂಟು ಮಡಿಯುತ್ತದೆ, ಜೋರಿದ್ದರೆ ಮಂಡಿ, ಸೊಂಟದ ಕೀಲೂ ಸೇರಿಕೊಳ್ಳುತ್ತವೆ. ಅರ್ಧ ಸೆಕೆಂಡಿನಿಂದ 10 ಸೆಕೆಂಡ್ ಹಿಡಿದು ಬಿಡುತ್ತದೆ. ಆಮೇಲೆ ಮೌನ. ಇಪ್ಪತ್ತು ಮೂವತ್ತು ಸೆಕೆಂಡಿಗೆ ಮತ್ತೊಂದು, ಗಡಿಯಾರ ಇಟ್ಟು ಎಣಿಸಿದ ಹಾಗೆ. ನಿದ್ದೆಗೆ ಜಾರುವಾಗ ಬೆಚ್ಚಿಬಿದ್ದಂತೆ ಒಮ್ಮೆ ಮೈ ಜಗ್ಗುವುದಕ್ಕೆ ಈ ಲಯ ಇರುವುದಿಲ್ಲ, ಅದನ್ನು ಇದರೊಂದಿಗೆ ಬೆರೆಸಬೇಡಿ. ಲೆಕ್ಕಕ್ಕೆ ಬರಬೇಕಾದರೆ 5ರಿಂದ 90 ಸೆಕೆಂಡ್ ಅಂತರದಲ್ಲಿ ಕನಿಷ್ಠ ನಾಲ್ಕು ಸಾಲಾಗಿ ಬರಬೇಕು. ದೊಡ್ಡವರಲ್ಲಿ ಗಂಟೆಗೆ 15ಕ್ಕಿಂತ ಹೆಚ್ಚಾದರೆ ಜಾಸ್ತಿ ಎನ್ನುತ್ತಾರೆ.

ಆರ್‌ಎಲ್‌ಎಸ್ ಪತ್ತೆಗೆ ಸ್ಲೀಪ್ ಸ್ಟಡಿ ಬೇಡ. ಗೊರಕೆ, ಉಸಿರು ನಿಲ್ಲುವುದು, ಹಗಲು ಕೂತಲ್ಲೇ ತೂಕಡಿಕೆ ಇದ್ದರೆ ಆಪ್ನಿಯಾ ಇದೆಯಾ ನೋಡಲು ಮಾಡಿಸಿ.

ನಿದ್ದೆಗೆ ಆಗುವ ಹಾನಿ ಎರಡು ಕಡೆಯಿಂದ. ಮೊದಲನೆಯದು ಕಣ್ಣು ಹತ್ತಲು ಕಾಲೇ ಬಿಡುವುದಿಲ್ಲ. ಎರಡನೆಯದು ನಡುರಾತ್ರಿ ಎಚ್ಚರವಾದರೆ, ಅದು ಬಾತ್‌ರೂಮಿಗೆ ಹೋಗಿ ಬರಲಿಕ್ಕೇ ಆಗಿರಲಿ, ಮತ್ತೆ ಮೊದಲಿನಿಂದ ಕಾಲಿನ ಜೊತೆ ಜಗಳ. ರಾತ್ರಿ ಹೋದಂತೆ ಉಪಟಳ ಇಳಿಯುತ್ತದೆ. ಬೆಳಗಿನ ಜಾವದಿಂದ ಹತ್ತು ಗಂಟೆವರೆಗಿನ ನಿದ್ದೆಯೇ ಹೆಚ್ಚಿನವರಿಗೆ ನೆಮ್ಮದಿಯದು. ಅದಕ್ಕೇ ತೀವ್ರವಾಗಿರುವವರು ನಾಲ್ಕಕ್ಕೆ ಮಲಗಿ ಹತ್ತಕ್ಕೆ ಏಳುವ ಹಾಗಾಗಿ, ಸೋಮಾರಿ ಎಂಬ ಹೆಸರು ಹೊರುತ್ತಾರೆ. ಇನ್ನೊಂದು ವಿಚಿತ್ರ: ಇಷ್ಟು ಕಡಿಮೆ ನಿದ್ದೆ ಮಾಡಿದವರು ಹಗಲು ತೂಕಡಿಸಬೇಕಿತ್ತು. ಇವರಲ್ಲಿ ಬಹಳ ಜನ ತೂಕಡಿಸುವುದಿಲ್ಲ. ಸುಸ್ತು, ಮರೆವು, ಸಿಡುಕು ಇರುತ್ತದೆ, ಆದರೆ ಮಧ್ಯಾಹ್ನ ಮಲಗಿದರೂ ನಿದ್ದೆ ಬಾರದು.

ಕಬ್ಬಿಣದಕಡಲೆ

ನನ್ನ ಹೆಸರಿಗೆ ತಕ್ಕ ವಿಷಯ, ಉದ್ದ ಬರೆಯುತ್ತೇನೆ, ಕ್ಷಮೆ ಇರಲಿ.

ಈ ಕಾಯಿಲೆಯಲ್ಲಿ ಕೊರತೆ ಇರುವುದು ಮುಖ್ಯವಾಗಿ ಮಿದುಳಿನ ಕಬ್ಬಿಣಕ್ಕೆ. ಮಿದುಳಿನಲ್ಲಿ ಸಂದೇಶ ಒಯ್ಯುವ ಡೋಪಮೈನ್ ತಯಾರಾಗಲು ಕಬ್ಬಿಣ ಬೇಕು. ರಕ್ತದಲ್ಲಿ ಕಬ್ಬಿಣ ಸಾಕಷ್ಟಿದ್ದರೂ ಮಿದುಳಿನ ಕೆಲವು ಭಾಗಗಳಿಗೆ, ಉದಾಹರಣೆಗೆ ಸಬ್‌ಸ್ಟಾನ್ಷಿಯಾ ನೈಗ್ರಾಕ್ಕೆ, ಸರಿಯಾಗಿ ತಲುಪದಿರಬಹುದು. ಆದ್ದರಿಂದ ‘ಹಿಮೋಗ್ಲೋಬಿನ್ 13.5 ಇದೆ, ರಕ್ತಹೀನತೆ ಇಲ್ಲ’ ಎಂಬ ಉತ್ತರ ಇಲ್ಲಿ ಉತ್ತರವೇ ಅಲ್ಲ. ಹಿಮೋಗ್ಲೋಬಿನ್ ಇಳಿಯುವುದು ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಕಣಜ ಬರಿದಾದ ಮೇಲೆ. ಫೆರಿಟಿನ್ ಎಂದರೆ ಆ ಕಣಜದ ಲೆಕ್ಕ.

ರಿಪೋರ್ಟ್ ಓದುವಾಗಲೇ ಬಹಳ ಜನ ಮೋಸ ಹೋಗುತ್ತಾರೆ. ಎಷ್ಟೋ ಲ್ಯಾಬ್‌ಗಳ ಕಾಗದದಲ್ಲಿ ಫೆರಿಟಿನ್ನಿನ ಕೆಳಮಿತಿ 10 ಅಥವಾ 15 ಎಂದು ಅಚ್ಚಾಗಿರುತ್ತದೆ. ನಿಮ್ಮದು 28 ಬಂದರೆ ಪಕ್ಕದಲ್ಲಿ ಕೆಂಪು ಗುರುತಿರುವುದಿಲ್ಲ, ‘ನಾರ್ಮಲ್’ ಎಂದು ಫೈಲಿಗೆ ಸೇರುತ್ತದೆ. ಆರ್‌ಎಲ್‌ಎಸ್‌ಗೆ ಆ ಗೆರೆ ನಡೆಯದು. ದೊಡ್ಡವರಲ್ಲಿ ಫೆರಿಟಿನ್ ಮಿಲಿಲೀಟರಿಗೆ 75 ನ್ಯಾನೋಗ್ರಾಂ ಅಥವಾ ಅದಕ್ಕಿಂತ ಕಡಿಮೆ, ಇಲ್ಲವೇ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನಿನ ಎಷ್ಟು ಪಾಲು ತುಂಬಿದೆ ಎಂಬ ಲೆಕ್ಕ) 20 ಶೇಕಡಾಕ್ಕಿಂತ ಕಡಿಮೆ ಇದ್ದರೆ ಕಬ್ಬಿಣ ಕೊಡುವುದನ್ನು ಯೋಚಿಸಬೇಕು ಎನ್ನುತ್ತದೆ ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2025ರಲ್ಲಿ ಕೊಟ್ಟ ಮಾರ್ಗಸೂಚಿ. 75ರಿಂದ 100ರ ನಡುವೆ ಇದ್ದರೆ ಮಾತ್ರೆಯಿಂದ ಲಾಭ ಕಡಿಮೆ, ಅಲ್ಲಿ ರಕ್ತನಾಳದ ಮೂಲಕ ಕೊಡುವ ಕಬ್ಬಿಣದ ಮಾತು.

ಸ್ಯಾಚುರೇಶನ್ ಬರೆದಿರದಿದ್ದರೆ ನೀವೇ ಲೆಕ್ಕ ಹಾಕಬಹುದು: ಸೀರಂ ಐರನ್ನನ್ನು (ರಕ್ತದಲ್ಲಿರುವ ಕಬ್ಬಿಣ) ಟಿಐಬಿಸಿಯಿಂದ (ರಕ್ತ ಒಟ್ಟು ಹೊರಬಲ್ಲ ಕಬ್ಬಿಣ) ಭಾಗಿಸಿ ನೂರರಿಂದ ಗುಣಿಸಿ. ಐರನ್ 60, ಟಿಐಬಿಸಿ 400 ಇದ್ದರೆ 15 ಶೇಕಡಾ. ಕಡಿಮೆ.

ರಕ್ತ ಕೊಡುವುದು ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ. ಹಿಂದಿನ 24 ಗಂಟೆ ಕಬ್ಬಿಣದ ಮಾತ್ರೆ ಬೇಡ, ಕಬ್ಬಿಣ ಸೇರಿಸಿದ ಮಲ್ಟಿವಿಟಮಿನ್ ಕೂಡ ಬೇಡ. ಜ್ವರ, ಸೋಂಕು, ಸಂಧಿವಾತದ ಉರಿಯೂತ ಇದ್ದರೆ ಫೆರಿಟಿನ್ ಸುಳ್ಳು ಹೇಳುತ್ತದೆ. ಉರಿಯೂತವಿದ್ದಾಗ ಅದು ತಾನಾಗಿ ಏರುತ್ತದೆ, ಕಣಜ ಖಾಲಿಯಿದ್ದರೂ 120 ತೋರಿಸಬಹುದು. ಆಗ ಉರಿಯೂತ ತೋರಿಸುವ ಸಿಆರ್‌ಪಿ ಪರೀಕ್ಷೆಯನ್ನೂ ನೋಡಿ, ಅಥವಾ ಗುಣವಾಗಿ ಕೆಲವು ವಾರ ಬಿಟ್ಟು ಮಾಡಿಸಿ.

ಮಗ್ಗುಲು

ಮಾತ್ರೆ ಎಂದರೆ ಎಷ್ಟು, ಹೇಗೆ? ‘ಮೂರು ತಿಂಗಳು ತಿಂದೆವು, ಏನೂ ಆಗಲಿಲ್ಲ’ ಎನ್ನುವವರೇ ಜಾಸ್ತಿ.

ಕಬ್ಬಿಣದಕಡಲೆ

ಪೊಟ್ಟಣದ ಮೇಲಿನ ದೊಡ್ಡ ಅಂಕಿ ನೋಡಬೇಡಿ. ಫೆರಸ್ ಸಲ್ಫೇಟ್ 325 ಮಿಲಿಗ್ರಾಂ ಮಾತ್ರೆಯಲ್ಲಿ ನಿಜವಾದ ಕಬ್ಬಿಣ 65 ಮಿಲಿಗ್ರಾಂ ಮಾತ್ರ. ‘ಎಲಿಮೆಂಟಲ್ ಐರನ್’ ಎಷ್ಟಿದೆ ಎಂದು ಓದಿ. ರೂಢಿಯಲ್ಲಿರುವುದು ಈ 65ರ ಆಸುಪಾಸು, 100ರಿಂದ 200 ಮಿಲಿಗ್ರಾಂ ವಿಟಮಿನ್ ಸಿ ಜೊತೆಗೆ, ದಿನಕ್ಕೊಮ್ಮೆ ಅಥವಾ ದಿನ ಬಿಟ್ಟು ದಿನ.

ದಿನ ಬಿಟ್ಟು ದಿನ ಎಂದರೆ ಕಂಜೂಸುತನವಲ್ಲ. ಒಂದು ಡೋಸ್ ಒಳಗೆ ಹೋದ ಮೇಲೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ, ಅದು ಸುಮಾರು ಒಂದು ದಿನ ಕರುಳಿನ ಬಾಗಿಲನ್ನು ಅರ್ಧ ಮುಚ್ಚಿಡುತ್ತದೆ. ಆ ಹೊತ್ತಿನಲ್ಲಿ ಇನ್ನೆರಡು ಮಾತ್ರೆ ನುಂಗಿದರೆ ಹೊಟ್ಟೆನೋವು, ಮಲಬದ್ಧತೆ ಹೆಚ್ಚುತ್ತದೆ, ಕಬ್ಬಿಣ ಆ ಲೆಕ್ಕಕ್ಕೆ ಹೀರಲ್ಪಡುವುದಿಲ್ಲ.

ಫೇಲಾಗುವುದಕ್ಕೆ ಕಾರಣಗಳು ಬಹುಪಾಲು ಇವೇ: ಟೀ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವುಗಳ ಜೊತೆಗೇ ನುಂಗುವುದು, ಇಲ್ಲವೇ ಆಮ್ಲ ತಗ್ಗಿಸುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ದಿನವೂ ತಿನ್ನುತ್ತಿರುವುದು. ಥೈರಾಯ್ಡ್ ಮಾತ್ರೆ ಇದ್ದರೆ ಎರಡರ ನಡುವೆ 4 ಗಂಟೆ ಬಿಡಿ, ಇಲ್ಲದಿದ್ದರೆ ಥೈರಾಕ್ಸಿನ್ನೂ ಕೆಲಸ ಮಾಡದು. ಮೂರು ತಿಂಗಳಿಗೆ ಮತ್ತೆ ಫೆರಿಟಿನ್ ನೋಡಿ. ಏರಿಲ್ಲ ಅಂದರೆ ಮಾತ್ರೆ ಒಳಗೆ ಹೋಗುತ್ತಿಲ್ಲ ಅಥವಾ ರಕ್ತ ಎಲ್ಲೋ ಹೊರಗೆ ಹೋಗುತ್ತಿದೆ. ಹೆಚ್ಚು ಮುಟ್ಟಿನ ಸ್ರಾವ, ಜಠರದ ಹುಣ್ಣು, ಮೂಲವ್ಯಾಧಿ, ಪದೇ ಪದೇ ರಕ್ತದಾನ, ಎಲ್ಲವನ್ನೂ ಕೇಳಬೇಕು. ಕಾರಣ ಹುಡುಕದೆ ಕಬ್ಬಿಣ ಸುರಿಯುವುದು ತೂತುಕೊಡಕ್ಕೆ ನೀರು ತುಂಬಿದ ಹಾಗೆ.

ಮಾತ್ರೆ ಹಿಡಿಸದಿದ್ದರೆ, ಏರದಿದ್ದರೆ, ತೊಂದರೆ ತೀವ್ರವಾಗಿದ್ದರೆ ಡ್ರಿಪ್‌ನಲ್ಲಿ ಕೊಡುವ ಕಬ್ಬಿಣ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಒಟ್ಟು 1000 ಮಿಲಿಗ್ರಾಂವರೆಗೆ ಕೊಡುತ್ತಾರೆ. ಮಾರನೇ ರಾತ್ರಿಯೇ ಮ್ಯಾಜಿಕ್ ನಿರೀಕ್ಷಿಸಬೇಡಿ, ಪರಿಣಾಮ ನೋಡಲು 6ರಿಂದ 12 ವಾರ ಬೇಕು. ಅದರಿಂದ ಕೆಲವರಲ್ಲಿ ರಕ್ತದ ಫಾಸ್ಫೇಟ್ ಇಳಿಯುತ್ತದೆ, ಕೊಟ್ಟ ಮೇಲೆ ಅತಿಯಾದ ನಿಶ್ಶಕ್ತಿ, ಮೂಳೆನೋವು ಬಂದರೆ ಅದನ್ನು ಪರೀಕ್ಷಿಸಬೇಕು. ಸ್ಯಾಚುರೇಶನ್ 45 ಶೇಕಡಾ ದಾಟಿದ್ದವರಿಗೆ ಕಬ್ಬಿಣ ಬೇಡ. ಅವರಲ್ಲಿ ಕಬ್ಬಿಣ ಅತಿಯಾಗಿ ಶೇಖರವಾಗುವ ಕಾಯಿಲೆ ಇದೆಯೇ ನೋಡಬೇಕಾಗುತ್ತದೆ. ಅಳೆಯದೆ ತಿನ್ನಬೇಡಿ ಎನ್ನುವುದು ಅದಕ್ಕೇ.

ಔಷಧಪೆಟ್ಟಿಗೆ

ಕಬ್ಬಿಣದ ಪಕ್ಕದಲ್ಲೇ ಇನ್ನೊಂದು ಕೆಲಸ: ಈಗ ತಿನ್ನುತ್ತಿರುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿದು ಹೆಸರು ಓದುವುದು.

ಮೊದಲ ಅಪರಾಧಿ ನಿದ್ದೆ ಬರಿಸುವ ಹಳೇ ಅಲರ್ಜಿ ಔಷಧಿಗಳು. ಡೈಫೆನ್‌ಹೈಡ್ರಮೈನ್, ಪ್ರೊಮೆಥಜೈನ್, ಹೈಡ್ರಾಕ್ಸಿಜೈನ್. ನೆಗಡಿ ಮಾತ್ರೆ, ಕೆಮ್ಮಿನ ಸಿರಪ್, ಚೀಟಿಯಿಲ್ಲದೆ ಸಿಗುವ ‘ನಿದ್ದೆ ಮಾತ್ರೆ’ಗಳಲ್ಲಿ ಇವು ಅಡಗಿರುತ್ತವೆ. ನಿದ್ದೆ ಬರುತ್ತಿಲ್ಲ ಎಂದು ಇವನ್ನು ನುಂಗಿದವರ ಪಾಡು ನೋಡಿ: ತಲೆ ನಿದ್ದೆಗೆ ಎಳೆಯುತ್ತದೆ, ಕಾಲು ಎದ್ದೇಳು ಎನ್ನುತ್ತದೆ. ಮಾತ್ರೆ ಇಲ್ಲದಾಗಿನ ಸ್ಥಿತಿಯೇ ವಾಸಿ. ಅಲರ್ಜಿಗೆ ಔಷಧಿ ಬೇಕೇ ಬೇಕಾದರೆ ಫೆಕ್ಸೊಫೆನಡಿನ್, ಲೊರಟಡಿನ್ ಬಗೆಯವನ್ನು ಕೇಳಿ.

ಎರಡನೆಯದು ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್. ಇವು ಡೋಪಮೈನ್ ತಡೆಯುತ್ತವೆ, ಹಾಗಾಗಿ ನೇರವಾಗಿ ಈ ಕಾಯಿಲೆಯ ಬೇರಿಗೆ ನೀರೆರೆಯುತ್ತವೆ. ಒಂಡಾನ್ಸೆಟ್ರಾನ್ ಆ ದಾರಿಯಲ್ಲಿ ಕೆಲಸ ಮಾಡುವುದಿಲ್ಲ.

ಖಿನ್ನತೆಯ ಮಾತ್ರೆಗಳಲ್ಲಿ ಮಿರ್ಟಜಪಿನ್ ಹೆಚ್ಚು ಕುಖ್ಯಾತ. ಎಸ್‌ಎಸ್‌ಆರ್‌ಐ, ವೆನ್ಲಫ್ಯಾಕ್ಸಿನ್, ಅಮಿಟ್ರಿಪ್ಟಿಲಿನ್ ಬಗೆಯವೂ ಕೆಲವರಲ್ಲಿ ಹೆಚ್ಚಿಸುತ್ತವೆ. ಬುಪ್ರೊಪಿಯಾನ್‌ಗೆ ಆ ದೋಷ ಕಡಿಮೆ. ಇದನ್ನು ಓದಿ ನಾಳೆಯಿಂದ ಖಿನ್ನತೆಯ ಮಾತ್ರೆ ನಿಲ್ಲಿಸುವವರಿದ್ದರೆ ದಯವಿಟ್ಟು ಬೇಡ. ಖಿನ್ನತೆ ಕಾಲಿನ ಚಡಪಡಿಕೆಗಿಂತ ಅಪಾಯ. ಮಾತ್ರೆ ಶುರುವಾದ ತಾರೀಕು, ಕಾಲಿನ ಕಾಟ ಶುರುವಾದ ತಾರೀಕು ಎರಡನ್ನೂ ಬರೆದುಕೊಂಡು ವೈದ್ಯರ ಮುಂದಿಡಿ.

ಮದ್ಯ, ತಂಬಾಕು, ಸಂಜೆಯ ಕೆಫೀನ್ ಇವುಗಳ ಬಗ್ಗೆ ಎಲ್ಲರಿಗೂ ಗೊತ್ತಿದೆ. ಎರಡು ವಾರ ಬಿಟ್ಟು ನೋಡಿ, ವ್ಯತ್ಯಾಸವಿದ್ದರೆ ನಿಮಗೇ ತಿಳಿಯುತ್ತದೆ.

ಹಳೇಬೇರು

ಇಷ್ಟೆಲ್ಲ ಯಾಕೆ ಸ್ವಾಮಿ? ಪ್ರಮಿಪೆಕ್ಸೋಲ್ 0.125 ಮಿಲಿಗ್ರಾಂ ಕೊಟ್ಟರೆ ಮೊದಲ ರಾತ್ರಿಯೇ ನಿದ್ದೆ. ದಶಕಗಳಿಂದ ಕೊಡುತ್ತಿರುವ ಔಷಧಿ, 2006ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಕಾಯಿಲೆಗೇ ಒಪ್ಪಿಗೆ ಕೊಟ್ಟದ್ದು. ಅದನ್ನು ಖಳನಾಯಕ ಮಾಡುವುದು ಈಗಿನ ಫ್ಯಾಷನ್ ಅನಿಸುತ್ತದೆ.

ಔಷಧಪೆಟ್ಟಿಗೆ

ಮೊದಲ ರಾತ್ರಿಯೇ ನಿದ್ದೆ ಎಂಬುದು ನಿಜ ಹಳೇಬೇರು ಅವರೇ. ತೊಂದರೆ ಇರುವುದು ಸಾವಿರದನೇ ರಾತ್ರಿಯಲ್ಲಿ.

ಪ್ರಮಿಪೆಕ್ಸೋಲ್, ರೊಪಿನಿರೋಲ್, ರೊಟಿಗೊಟಿನ್ ಪ್ಯಾಚ್, ಮೂರೂ ಡೋಪಮೈನಿನ ಹಾಗೆ ಕೆಲಸ ಮಾಡುವ ಔಷಧಿಗಳು, ಅಂದರೆ ಡೋಪಮೈನ್ ಅಗೊನಿಸ್ಟ್‌ಗಳು. ತಿಂಗಳು, ವರ್ಷ ಕಳೆದಂತೆ ಇವು ಕಾಯಿಲೆಯನ್ನೇ ಬೆಳೆಸಬಲ್ಲವು. ಇದಕ್ಕೆ ಆಗ್ಮೆಂಟೇಶನ್ ಎನ್ನುತ್ತಾರೆ. ಮೈಯಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾದಲ್ಲಿ ಇದನ್ನು 1996ರಲ್ಲೇ ವರ್ಣಿಸಿದ್ದರು. ಅಗೊನಿಸ್ಟ್‌ಗಳಲ್ಲಿ ನಿಧಾನವಾಗಿ ಬರುತ್ತದೆ, ಆದರೆ ಬರುತ್ತದೆ. ಅದಕ್ಕೇ 2025ರ ಮಾರ್ಗಸೂಚಿ ಇವುಗಳನ್ನು ಮಾಮೂಲಾಗಿ ಬಳಸುವುದು ಬೇಡ ಎನ್ನುತ್ತದೆ.

ಗುರುತು ಹೀಗೆ. ರಾತ್ರಿ ಹತ್ತಕ್ಕೆ ಶುರುವಾಗುತ್ತಿದ್ದದ್ದು ಈಗ ಸಂಜೆ ಐದಕ್ಕೇ ಶುರು. ಕೂತ ಮುಕ್ಕಾಲು ಗಂಟೆಗೆ ಬರುತ್ತಿದ್ದದ್ದು ಹತ್ತೇ ನಿಮಿಷಕ್ಕೆ. ಕಾಲಲ್ಲಿದ್ದದ್ದು ತೋಳಿಗೆ. ಮಾತ್ರೆಯ ಪರಿಣಾಮ ಮೊದಲಿಗಿಂತ ಬೇಗ ಮುಗಿಯುತ್ತದೆ. ಡೋಸ್ ಏರಿಸಿದರೆ ಕೆಲವು ವಾರ ಚೆನ್ನಾಗಿದ್ದು, ಆಮೇಲೆ ಮೊದಲಿಗಿಂತ ಕೆಟ್ಟದಾಗುತ್ತದೆ. ರೋಗಿ ‘ಕಾಯಿಲೆ ಜಾಸ್ತಿಯಾಗಿದೆ’ ಅಂತಾರೆ, ವೈದ್ಯರು ಅರ್ಧ ಮಾತ್ರೆ ಸೇರಿಸುತ್ತಾರೆ, ಬೆಂಕಿಗೆ ತುಪ್ಪ. ಸಂಜೆ ಐದರ ಕಾಟಕ್ಕೆ ಮಾತ್ರೆಯನ್ನು ನಾಲ್ಕಕ್ಕೆ ತಂದರೆ ಆರು ತಿಂಗಳಿಗೆ ಮಧ್ಯಾಹ್ನ ಒಂದಕ್ಕೆ ಶುರುವಾಗುವುದೂ ಉಂಟು.

ಆರ್‌ಎಲ್‌ಎಸ್‌ಗೆ ಎಫ್‌ಡಿಎ ಒಪ್ಪಿದ ಪ್ರಮಿಪೆಕ್ಸೋಲ್ ಗರಿಷ್ಠ ಡೋಸ್ ದಿನಕ್ಕೆ 0.5 ಮಿಲಿಗ್ರಾಂ. ನಿಮ್ಮ ಚೀಟಿಯಲ್ಲಿ 1 ಅಥವಾ 1.5 ಇದ್ದರೆ ಅದು ಪಾರ್ಕಿನ್ಸನ್ ಕಾಯಿಲೆಯ ಲೆಕ್ಕ. ಇನ್ನೊಂದು ಅಡ್ಡಪರಿಣಾಮವನ್ನು ಮನೆಯವರಿಗೂ ಹೇಳಿಡಬೇಕು: ತಡೆಯಲಾಗದ ಜೂಜು, ಕೊಳ್ಳುವ ಹುಚ್ಚು, ಕಾಮಾಸಕ್ತಿ ಮಿತಿಮೀರುವುದು. ತಿನ್ನುವವರಿಗೆ ಅದು ಮಾತ್ರೆಯ ಕೆಲಸ ಎಂದು ಹೊಳೆಯುವುದೇ ಇಲ್ಲ, ನಾಚಿಕೆಯಿಂದ ಹೇಳುವುದೂ ಇಲ್ಲ. ಮೂರು ತಿಂಗಳಿಗೊಮ್ಮೆ ಎದುರಿಗೇ ಕೇಳಬೇಕಾದ ಪ್ರಶ್ನೆ ಇದು.

ಹಳೇಬೇರು

ಆಗ್ಮೆಂಟೇಶನ್ ಮಾತು ಒಪ್ಪಿದೆ. ಹಾಗಾದರೆ ಬದಲಿಗೆ ಏನು? ಈಗಾಗಲೇ ತಿನ್ನುತ್ತಿರುವವರು ಹೊರಬರುವುದು ಹೇಗೆ?

ಔಷಧಪೆಟ್ಟಿಗೆ

ಕಬ್ಬಿಣ ಸರಿಮಾಡಿದ ಮೇಲೂ ವಾರದಲ್ಲಿ ಹೆಚ್ಚು ರಾತ್ರಿ ಕಾಟವಿದ್ದರೆ ಈಗ ಮೊದಲು ಕೊಡುವುದು ಗಾಬಾಪೆಂಟಿನ್, ಪ್ರೆಗಾಬಾಲಿನ್, ಅಥವಾ ಸಿಗುವ ಕಡೆ ಗಾಬಾಪೆಂಟಿನ್ ಎನಕಾರ್ಬಿಲ್. ಪ್ರೆಗಾಬಾಲಿನ್ ಸಾಮಾನ್ಯವಾಗಿ 75 ಮಿಲಿಗ್ರಾಂನಿಂದ, ವಯಸ್ಸಾದವರಲ್ಲಿ 50ರಿಂದ ಶುರುವಾಗುತ್ತದೆ. ಗಾಬಾಪೆಂಟಿನ್ 300 ಮಿಲಿಗ್ರಾಂ, ಹಿರಿಯರಿಗೆ 100. ತೆಗೆದುಕೊಳ್ಳುವುದು ಮಲಗುವ ಒಂದೆರಡು ಗಂಟೆ ಮೊದಲು. ಹಾಸಿಗೆಗೆ ಹೋಗಿ ನುಂಗಿದರೆ ಅದು ಕೆಲಸ ಶುರುಮಾಡುವಷ್ಟರಲ್ಲಿ ನೀವೂ ಎದ್ದು ಓಡಾಡುತ್ತಿರುತ್ತೀರಿ. ಗಾಬಾಪೆಂಟಿನ್ನಿನ ಒಂದು ಗುಣ: ಒಂದೇ ಸಲಕ್ಕೆ ಡೋಸ್ ಹೆಚ್ಚಾದಂತೆ ಕರುಳು ಹೀರುವ ಪಾಲು ಕಡಿಮೆಯಾಗುತ್ತದೆ. ಆದ್ದರಿಂದ 600 ದಾಟುವಾಗ ಸಂಜೆ ಒಂದು, ಮಲಗುವ ಮೊದಲು ಒಂದು ಎಂದು ಒಡೆದು ಕೊಡುತ್ತಾರೆ. ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಎದೆಯುರಿ ಔಷಧಿಯಾದ ಮೇಲೆ 2 ಗಂಟೆ ಬಿಟ್ಟು ನುಂಗಿ.

ತಲೆಸುತ್ತು, ಬೆಳಿಗ್ಗೆ ಮಂಕು, ಕಾಲು ಊತ, ತೂಕ ಏರುವುದು, ಮನಸ್ಸು ಕುಗ್ಗುವುದು ಇವುಗಳ ಕಡೆ ಗಮನವಿರಲಿ. ಮೂತ್ರಪಿಂಡ ಸೋತಿದ್ದರೆ ಡೋಸ್ ಬಹಳ ಇಳಿಸಬೇಕು. ಮದ್ಯ, ನಿದ್ದೆ ಮಾತ್ರೆ, ಓಪಿಯಾಯ್ಡ್ (ಅಫೀಮು ಬಗೆಯ ನೋವಿನ ಔಷಧಿ) ಜೊತೆ ಸೇರಿದರೆ ಉಸಿರಾಟ ತಗ್ಗುತ್ತದೆ.

ಹೊರಬರುವ ದಾರಿ. ಅಗೊನಿಸ್ಟನ್ನು ಒಮ್ಮೆಲೇ ನಿಲ್ಲಿಸಬಾರದು. ಆತಂಕ, ಬೆವರು, ಖಿನ್ನತೆ, ದಿನಗಟ್ಟಲೆ ನಿದ್ದೆಯೇ ಇಲ್ಲದ ಸ್ಥಿತಿ ಬರಬಹುದು. ಮೊದಲು ಕಬ್ಬಿಣ ನೋಡಿ ತುಂಬಿಸುವುದು. ಎರಡನೆಯದಾಗಿ ಹೊಸ ಔಷಧಿಯನ್ನು ಸೇರಿಸಿ ಅದು ಕೆಲಸಕ್ಕೆ ಬರುವ ಡೋಸಿಗೆ ಏರಿಸುವುದು. ಆಮೇಲಷ್ಟೇ ಹಳೆಯದನ್ನು ಇಳಿಸುವುದು, ಪ್ರಮಿಪೆಕ್ಸೋಲ್ ಆದರೆ 0.125ರಂತೆ, ಒಂದೊಂದು ಮೆಟ್ಟಿಲಲ್ಲೂ ಒಂದೆರಡು ವಾರ ನಿಂತು. ಜನ ಸೋಲುವುದು ಕೊನೆಯ ಮೆಟ್ಟಿಲಿನಲ್ಲಿ. ಪೂರ್ತಿ ಬಿಟ್ಟ ಮೇಲಿನ ಕೆಲವು ರಾತ್ರಿ ಕಾಟ ನೆತ್ತಿಗೇರುತ್ತದೆ, ‘ನೋಡಿ, ಮಾತ್ರೆ ಬೇಕೇ ಬೇಕು’ ಎಂದು ಹಿಂತಿರುಗುತ್ತಾರೆ. ಅದು ಮಾತ್ರೆ ಬಿಟ್ಟದ್ದರ ತಾತ್ಕಾಲಿಕ ಏಟು ಎಂದು ಮೊದಲೇ ತಿಳಿದಿದ್ದು, ಆ ವಾರ ರಜೆ ಹಾಕಿ, ವಾಹನ ಓಡಿಸದೆ ಇದ್ದರೆ ದಾಟಬಹುದು. ಆಗ್ಮೆಂಟೇಶನ್ ತೀವ್ರವಾಗಿದ್ದರೆ ಈ ಹಂತಕ್ಕೆ ಕಡಿಮೆ ಡೋಸಿನ ಓಪಿಯಾಯ್ಡ್ ಬೇಕಾಗಬಹುದು. ಅದು ಅನುಭವವಿರುವ ನರವೈದ್ಯರ ಅಥವಾ ನಿದ್ರಾತಜ್ಞರ ಕೈಯಲ್ಲೇ ಆಗಬೇಕು.

ಹಗಲುಗನಸು

ಔಷಧಿಯಲ್ಲದೆ ಏನು ಮಾಡಬಹುದು? ಮೆಗ್ನೀಸಿಯಂ ಎಂದು ಎಲ್ಲ ಕಡೆ ಬರೆಯುತ್ತಾರೆ. ಹಾಸಿಗೆ ಕೆಳಗೆ ಸೋಪು ಇಡಿ ಎನ್ನುವವರೂ ಇದ್ದಾರೆ.

ನಿಶಾಚರ

ಸೋಪಿನಿಂದ ಹಾಸಿಗೆ ಘಮಘಮಿಸುತ್ತದೆ, ಅಷ್ಟೇ. ಮೆಗ್ನೀಸಿಯಂಗೆ ಆಧಾರ ತೆಳು. ಮೂತ್ರಪಿಂಡ ಸರಿಯಿದ್ದವರಿಗೆ ಹೆಚ್ಚು ಹಾನಿಯಿಲ್ಲ, ಆದರೆ ಅದನ್ನು ನಂಬಿ ಫೆರಿಟಿನ್ ಮಾಡಿಸದೆ ಕೂರಬೇಡಿ. ಕಾಲುಸೆಳೆತಕ್ಕೆ ಹಿಂದೆ ಕೊಡುತ್ತಿದ್ದ ಕ್ವಿನೈನ್ ಮಾತ್ರ ಮುಟ್ಟಲೇಬೇಡಿ, ರಕ್ತಕ್ಕೆ, ಹೃದಯದ ಲಯಕ್ಕೆ ಅಪಾಯ.

ಉಪಯೋಗಕ್ಕೆ ಬರುವಂಥವು: ವಾರಕ್ಕೆ ಮೂರು ದಿನ ನಡಿಗೆ ಅಥವಾ ಸೈಕಲ್ ಜೊತೆಗೆ ಕಾಲಿನ ಸ್ನಾಯುಗಳಿಗೆ ಹದವಾದ ವ್ಯಾಯಾಮ, ಮಲಗುವುದಕ್ಕೆ ಹಲವು ಗಂಟೆ ಮೊದಲೇ ಮುಗಿಯುವಂತೆ. ಅತಿಯಾದರೆ ಅದೇ ರಾತ್ರಿ ಕಾಟ ಹೆಚ್ಚುವವರೂ ಇದ್ದಾರೆ. ಬಿಸಿನೀರು ಕೆಲವರಿಗೆ, ತಣ್ಣೀರು ಕೆಲವರಿಗೆ, ಮೂರು ಮೂರು ರಾತ್ರಿ ಎರಡನ್ನೂ ಮಾಡಿ ನೋಡಿ. ಮೀನಖಂಡ ಗಟ್ಟಿಯಾಗಿ ತಿಕ್ಕುವುದು, ಒತ್ತುವ ಕಾಲುಚೀಲ. ಮೊಣಕಾಲಿನ ಕೆಳಗೆ ಪಟ್ಟಿ ಕಟ್ಟಿ ಪೆರೋನಿಯಲ್ ನರವನ್ನು ಪ್ರಚೋದಿಸುವ ಉಪಕರಣವೂ ಬಂದಿದೆ, ಅದು ಕಾಲಿನ ಸ್ನಾಯುವನ್ನು ನಿದ್ದೆಗೆಡಿಸದೆ ಬಿಗಿಹಿಡಿಸಿ ಕೆಲಸ ಮಾಡುತ್ತದೆ.

ಜನ ಹೆಚ್ಚು ಗಮನಿಸದ ಮದ್ದು ಮಿದುಳಿಗೆ ಕೆಲಸ ಕೊಡುವುದು. ಮಂದವಾಗಿ ಟಿವಿ ನೋಡುತ್ತ ಕೂತರೆ ಕಾಲು ಶುರುವಾಗುತ್ತದೆ. ಪದಬಂಧ, ಹೆಣಿಗೆ, ಬಿಸಿಬಿಸಿ ವಾದ, ಇವುಗಳಲ್ಲಿ ಮುಳುಗಿದಾಗ ತಗ್ಗುತ್ತದೆ. ಸಂಜೆ ಕೂರಲೇಬೇಕಾದಾಗ ಬಳಸಿಕೊಳ್ಳಿ. ಹಾಸಿಗೆಯಲ್ಲಿ ಮಾತ್ರ ಒದ್ದಾಡುತ್ತ ಗಂಟೆಗಟ್ಟಲೆ ಬಿದ್ದಿರಬೇಡಿ. ಇಪ್ಪತ್ತು ನಿಮಿಷಕ್ಕೆ ನಿದ್ದೆ ಬಾರದಿದ್ದರೆ ಎದ್ದು, ಮಂದ ಬೆಳಕಿನಲ್ಲಿ ನಿಂತೇ ಮಾಡುವ ಏನಾದರೂ ಕೆಲಸ ಮಾಡಿ, ಕಾಲು ಶಾಂತವಾದ ಮೇಲೆ ಮಲಗಿ. ಇಲ್ಲದಿದ್ದರೆ ಕಾಲು ವಾಸಿಯಾದ ಮೇಲೂ ಹಾಸಿಗೆ ಕಂಡರೆ ನಿದ್ದೆ ಹಾರುವ ರೋಗ ಉಳಿದುಕೊಳ್ಳುತ್ತದೆ.

ತಾಯಿಬೇರು

ಗರ್ಭಿಣಿಯರ ಮಾತು ಯಾರೂ ಎತ್ತಲಿಲ್ಲ. ಕೊನೆಯ ಮೂರು ತಿಂಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಇದು ಕಾಣಿಸಿಕೊಳ್ಳುತ್ತದೆ, ಹೆಚ್ಚಿನವರಿಗೆ ಹೆರಿಗೆಯಾದ ಕೆಲವೇ ವಾರಗಳಲ್ಲಿ ಹೋಗುತ್ತದೆ. ಅಲ್ಲೂ ಮೊದಲ ಹೆಜ್ಜೆ ಫೆರಿಟಿನ್ನೇ. ಮೇಲೆ ಬರೆದ ಉಳಿದ ಔಷಧಿಗಳನ್ನು ಗರ್ಭಿಣಿಯರು ಸ್ವಂತ ತೀರ್ಮಾನದಿಂದ ಮುಟ್ಟಬಾರದು. ಗರ್ಭಿಣಿಯಾಗಿದ್ದಾಗ ಬಂದು ಹೋದವರಿಗೆ ಮುಂದೆ ಮರಳುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು, ಕಡತದಲ್ಲಿ ಬರೆಸಿಡಿ.

ಮಕ್ಕಳಲ್ಲಿ ಇದು ‘ಬೆಳೆಯುವ ನೋವು’, ‘ಹಟ’, ‘ಮಲಗಲು ನಾಟಕ’ ಎಂಬ ಹೆಸರುಗಳಲ್ಲಿ ತಿರುಗಾಡುತ್ತದೆ. ಮಗು ‘ಕಾಲಲ್ಲಿ ಇರುವೆ ಓಡ್ತಿದೆ’, ‘ಒದೀಬೇಕು ಅನ್ಸುತ್ತೆ’ ಎಂದರೆ ಅದರ ಮಾತನ್ನೇ ಬರೆದುಕೊಳ್ಳಿ, ನೀವು ತಿದ್ದಬೇಡಿ. ತಂದೆ ತಾಯಿಯಲ್ಲೊಬ್ಬರಿಗೆ ಇದ್ದರೆ ಸಂಶಯ ಬಲವಾಗುತ್ತದೆ. ಮಕ್ಕಳಲ್ಲಿ ಫೆರಿಟಿನ್ ಗೆರೆ 50, ಡೋಸ್ ತೂಕದ ಮೇಲೆ, ಮಕ್ಕಳ ವೈದ್ಯರೇ ನಿರ್ಧರಿಸಬೇಕು. ಮನೆಯಲ್ಲಿ ಕಬ್ಬಿಣದ ಮಾತ್ರೆಯನ್ನು ಬೀಗದೊಳಗಿಡಿ. ಬಣ್ಣದ ಮಾತ್ರೆ ಮಿಠಾಯಿಯೆಂದು ಕೆಲವನ್ನು ನುಂಗಿದರೂ ಪುಟ್ಟ ಮಗುವಿನ ಜೀವಕ್ಕೇ ಕುತ್ತು.

ನರವಿಚಾರ

ಆಸ್ಪತ್ರೆಗೆ ದಾಖಲಾಗುವವರಿಗೆ ಒಂದು ಮಾತು ಸೇರಿಸುತ್ತೇನೆ. ಶಸ್ತ್ರಚಿಕಿತ್ಸೆ ಎಂದರೆ ಈ ಕಾಯಿಲೆಗೆ ಹಬ್ಬ: ಅಲುಗಾಡದೆ ಮಲಗುವುದು, ರಕ್ತ ಹೋಗುವುದು, ರಾತ್ರಿಯ ಮಾತ್ರೆ ತಪ್ಪುವುದು, ಮೇಲಿಂದ ವಾಂತಿಗೆ ಮೆಟೊಕ್ಲೊಪ್ರಮೈಡ್ ಚುಚ್ಚು. ಮೊದಲೇ ಅರಿವಳಿಕೆ ವೈದ್ಯರಿಗೆ ಒಂದು ಚೀಟಿ ಕೊಡಿ. ಕಾಯಿಲೆಯ ಹೆಸರು, ಈಗಿನ ಮಾತ್ರೆ, ಅದನ್ನು ತಿನ್ನುವ ಹೊತ್ತು, ಕೊಡಬಾರದ ಔಷಧಿಗಳ ಹೆಸರು, ಇಷ್ಟೇ. ಎಂಆರ್‌ಐ ಇದ್ದರೆ ಬೆಳಗಿನ ಹೊತ್ತೇ ಕೇಳಿ ಪಡೆಯಿರಿ, ಸಂಜೆಯ ಅರ್ಧ ಗಂಟೆ ಕದಲದೆ ಮಲಗುವುದು ಇವರಿಂದಾಗದು.

ಮಗ್ಗುಲು

ವೈದ್ಯರ ಬಳಿ ಹೋಗುವ ಮೊದಲು ಏನು ಬರೆದುಕೊಂಡು ಹೋಗಲಿ? ಸಿಗುವುದು ಐದೇ ನಿಮಿಷ.

ನಿಶಾಚರ

ಎರಡು ವಾರದ ಪಟ್ಟಿ, ದಿನಕ್ಕೆ ಒಂದೇ ಸಾಲು. ಎಷ್ಟು ಗಂಟೆಗೆ ಶುರುವಾಯಿತು, ಕೂತ ಎಷ್ಟು ನಿಮಿಷಕ್ಕೆ, ಎಲ್ಲಿ (ಕಾಲು, ತೋಳು), ರಾತ್ರಿ ಎಷ್ಟು ಸಲ ಎದ್ದು ನಡೆದಿರಿ, ಒಟ್ಟು ನಿದ್ದೆ, ಆ ದಿನ ತಿಂದ ಮಾತ್ರೆಗಳು. ಜೊತೆಗೆ ಹತ್ತು ಪ್ರಶ್ನೆಗಳ ಅಂತಾರಾಷ್ಟ್ರೀಯ ಆರ್‌ಎಲ್‌ಎಸ್ ಮಾಪಕ ಇದೆ, 40ಕ್ಕೆ ಅಂಕ. 10ರವರೆಗೆ ಸೌಮ್ಯ, 20ರವರೆಗೆ ಮಧ್ಯಮ, 30ರವರೆಗೆ ತೀವ್ರ, ಅದರ ಮೇಲೆ ಅತಿತೀವ್ರ. ಚಿಕಿತ್ಸೆಗೆ ಮೊದಲು ಒಮ್ಮೆ, ಮೂರು ತಿಂಗಳ ಮೇಲೆ ಒಮ್ಮೆ ತುಂಬಿಸಿ. ಫೆರಿಟಿನ್ ರಿಪೋರ್ಟಿನ ಮೇಲೆ ರಕ್ತ ಕೊಟ್ಟ ಹೊತ್ತನ್ನೂ ಪೆನ್ನಿನಲ್ಲಿ ಬರೆದಿಡಿ.